ಅಂಕಿಯ ತವರು ಹುಡುಕಿ

ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರದ ಬಗ್ಗೆ ಎಂ.ಕಾಂ. ವಿದ್ಯಾರ್ಥಿಯೊಬ್ಬ ಬರೆದ ಪ್ರಾಜೆಕ್ಟ್ ವರದಿಯನ್ನು ಈಚೆಗೆ ಓದಿದೆ. ಶ್ರದ್ಧೆಯಿಂದ ಬರೆದಿದ್ದ. ಪುಟಪುಟಕ್ಕೂ ಅಂಕಿಗಳಿದ್ದವು. ಆದರೆ ಅವು ಬಂದದ್ದು ಎಲ್ಲಿಂದ ಎಂದು ನೋಡಿದರೆ, ಒಂದಿಷ್ಟು ಯಾರದೋ ಬ್ಲಾಗು, ಒಂದಿಷ್ಟು ಮಾರುಕಟ್ಟೆ ವರದಿ ಮಾರುವವರ ಜಾಹೀರಾತು ಪುಟ, ಉಳಿದದ್ದಕ್ಕೆಲ್ಲ ಬರೀ 'ಗೂಗಲ್' ಎಂದು ನಮೂದಿಸಿದ್ದ. ಹುಡುಗನ ಊರಿನಿಂದ ಬ್ಯಾಡಗಿ ಮಾರುಕಟ್ಟೆಗೆ ಬಸ್ಸಿನಲ್ಲಿ ಒಂದು ತಾಸು. ಆ ಮಾರುಕಟ್ಟೆಯ ದಿನದಿನದ ದರ ಸರ್ಕಾರದ ಪುಟದಲ್ಲೇ ಪುಕ್ಕಟೆ ಸಿಗುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಈ ಲೇಖನ ಅಂಥವರಿಗಾಗಿ. ವ್ಯಾಪಾರ, ಉದ್ಯಮಗಳ ಬಗ್ಗೆ ಪ್ರಬಂಧ ಬರೆಯುವ ವಿದ್ಯಾರ್ಥಿಗಳು, ಹೊಸದಾಗಿ ಒಂದು ವ್ಯವಹಾರಕ್ಕೆ ಕೈಹಾಕುವ ಮುನ್ನ ಲೆಕ್ಕ ನೋಡುವವರು, ಜಿಲ್ಲಾ ವರದಿಗಾರರು, ರೈತ ಉತ್ಪಾದಕ ಕಂಪನಿ ನಡೆಸುವವರು, ಎಲ್ಲರಿಗೂ ಬೇಕಾದ ಮಾಹಿತಿಯ ಬಹುಪಾಲು ಇಂದು ಅಂತರ್ಜಾಲದಲ್ಲಿದೆ. ಹುಡುಕುವ ಕ್ರಮ ಗೊತ್ತಿರಬೇಕು. ನಾನು ನಡೆದುಕೊಂಡು ಬಂದ ಕ್ರಮ ಇದು: ಯಾವ ಅಂಕಿ ಕಂಡರೂ, ಇದನ್ನು ಮೊಟ್ಟಮೊದಲು ಬರೆದಿಟ್ಟವರು ಯಾರು, ಯಾವ ಕಾನೂನಿಗೋ ಕೆಲಸಕ್ಕೋ ಕಟ್ಟುಬಿದ್ದು ಬರೆದರು, ಅವರು ಬರೆಯದೆ ಬಿಟ್ಟದ್ದು ಏನು ಎಂದು ಕೇಳಿಕೊಳ್ಳುತ್ತೇನೆ. ಜಾಲತಾಣಗಳ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳುವ ಬದಲು ಬ್ಯಾಡಗಿ ಮೆಣಸಿನಕಾಯಿಯನ್ನೇ ಹಿಡಿದು ಆ ದಾರಿಯಲ್ಲಿ ಹೋಗಿಬರೋಣ. ನಿಮ್ಮ ವಿಷಯ ಅಡಿಕೆ, ರೇಷ್ಮೆ, ಕಾಫಿ ಯಾವುದೇ ಇರಲಿ, ದಾರಿ ಹೆಚ್ಚುಕಡಿಮೆ ಇದೇ.

ಮೊದಲು ದರ. ಕರ್ನಾಟಕ ಕೃಷಿ ಮಾರಾಟ ಇಲಾಖೆಯ 'ಕೃಷಿ ಮಾರಾಟ ವಾಹಿನಿ' ಎಂಬ ತಾಣದಲ್ಲಿ ರಾಜ್ಯದ ಎಪಿಎಂಸಿಗಳ ಆವಕ ಮತ್ತು ದರ ಕನ್ನಡದಲ್ಲೇ ಸಿಗುತ್ತವೆ. ಕೇಂದ್ರ ಸರ್ಕಾರದ 'ಅಗ್‌ಮಾರ್ಕ್‌ನೆಟ್' 2000ದಿಂದ ದೇಶದ ಮಂಡಿಗಳ ಅಂಕಿಗಳನ್ನು ಒಂದೆಡೆ ಸೇರಿಸುತ್ತಿದೆ. ಎರಡರಲ್ಲೂ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರಗಳಿರುತ್ತವೆ. 'ಮಾದರಿ' ಎಂದರೆ ಆದರ್ಶ ದರವೆಂದು ಕೆಲವರು ತಿಳಿಯುತ್ತಾರೆ. ಹಾಗಲ್ಲ, ಆ ದಿನ ಹೆಚ್ಚಿನ ಮಾಲು ಯಾವ ದರದ ಆಸುಪಾಸಿನಲ್ಲಿ ಮಾರಾಟವಾಯಿತೋ ಅದು ಮಾದರಿ ದರ. ಸಂಶೋಧನೆಗೆ ಬೇಕಾದದ್ದು ಅದೇ. ಪತ್ರಿಕೆಯ ತಲೆಬರಹಕ್ಕೆ ಬರುವ 'ದಾಖಲೆ ದರ' ಬಹುತೇಕ ಸಲ ಗರಿಷ್ಠ ದರದ ಸಾಲಿನಿಂದ ಬಂದದ್ದು. ಚೆಂದದ ಡಬ್ಬಿ ತಳಿಯ ಕಾಯಿಯ ನಾಲ್ಕಾರು ಚೀಲಕ್ಕೆ ಸಿಕ್ಕ ದರ. ಅದನ್ನು ಇಡೀ ಹಂಗಾಮಿನ ಸರಾಸರಿಯಂತೆ ಬಳಸಿದರೆ ವರದಿಯೆಲ್ಲ ಅಡ್ಡದಾರಿ ಹಿಡಿಯುತ್ತದೆ.

ಇಲ್ಲಿ ಇನ್ನೊಂದು ತೊಡಕಿದೆ. ಬ್ಯಾಡಗಿ ಎನ್ನುವುದು ಊರಿನ ಹೆಸರೂ ಹೌದು, ತಳಿಯ ಹೆಸರೂ ಹೌದು. ಆ ಮಾರುಕಟ್ಟೆಗೆ ಡಬ್ಬಿ, ಕಡ್ಡಿ ಎಂಬ ಬ್ಯಾಡಗಿ ಬಗೆಗಳ ಜೊತೆ ಗುಂಟೂರು ಜಾತಿಯ ಕಾಯಿಯೂ ಬರುತ್ತದೆ. ಹಾವೇರಿ, ಗದಗ, ಧಾರವಾಡದ ಮಾಲಷ್ಟೇ ಅಲ್ಲ, ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯ ಲಾರಿಗಳೂ ಅಲ್ಲಿಗೇ ಬರುತ್ತವೆ. ಹೀಗಾಗಿ ತಳಿಯ ಸಾಲನ್ನು ನೋಡದೆ ಇಡೀ ಮಾರುಕಟ್ಟೆಯ ಸರಾಸರಿ ತೆಗೆದರೆ, ಗುಂಟೂರು ಕಾಯಿ ಹೆಚ್ಚು ಬಂದ ದಿನ ಬ್ಯಾಡಗಿಯ ಬೆಲೆಯೇ ಬಿದ್ದಂತೆ ಕಾಣುತ್ತದೆ. ವಹಿವಾಟು ನಡೆಯುವುದು ಸೋಮವಾರ ಮತ್ತು ಗುರುವಾರ. ಉಳಿದ ದಿನಗಳ ಖಾಲಿ ಕೋಷ್ಟಕವನ್ನು ಸೊನ್ನೆಯೆಂದು ತುಂಬಿದ ವರದಿಗಳನ್ನೂ ನಾನು ಕಂಡಿದ್ದೇನೆ.

2024ರ ಮಾರ್ಚ್ 11, ಸೋಮವಾರ ದರ ಕುಸಿತದಿಂದ ಸಿಟ್ಟಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿ, ವಾಹನಗಳಿಗೆ ಬೆಂಕಿ ಹಚ್ಚಿದರು. ಸುದ್ದಿ ದೇಶದ ತುಂಬ ಹರಡಿತು. ಆ ದಿನದ ಬಗ್ಗೆ ಬರೆಯಬೇಕೆಂದರೆ ಬೆಂಕಿಯ ಚಿತ್ರಗಳಿಂದ ಶುರುಮಾಡಬೇಡಿ. ಜನವರಿಯಿಂದ ಮಾರ್ಚ್‌ವರೆಗಿನ ಎಲ್ಲ ಸೋಮವಾರ, ಗುರುವಾರಗಳ ಆವಕವನ್ನು ಒಂದು ಸಾಲಿನಲ್ಲಿ, ತಳಿವಾರು ಮಾದರಿ ದರವನ್ನು ಪಕ್ಕದ ಸಾಲಿನಲ್ಲಿ ಇಡಿ. ಹಿಂದಿನ ಎರಡು ವರ್ಷಗಳ ಅದೇ ವಾರಗಳನ್ನೂ ಇಡಿ. ಒಂದು ಸಂಜೆಯ ಕೆಲಸ. ಆವಕ ಎಷ್ಟು ವಾರದಿಂದ ಏರುತ್ತಿತ್ತು, ದರ ನಿಧಾನವಾಗಿ ಇಳಿಯಿತೋ ಒಮ್ಮೆಲೇ ಬಿತ್ತೋ ಎಂಬುದು ಅಲ್ಲಿ ಕಾಣುತ್ತದೆ. ಕಾಯಿ ಹಸಿಯಾಗಿತ್ತೇ, ತೇವಾಂಶ ಎಷ್ಟಿತ್ತು ಎಂಬುದು ಮಾತ್ರ ಕಾಣುವುದಿಲ್ಲ. ಆ ಕೋಷ್ಟಕದಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ.

ಗಡಿ ದಾಟಿದ ಮೇಲೆ

ಬ್ಯಾಡಗಿ ಕಾಯಿಯ ಬೆಲೆ ಖಾರದಿಂದ ಬಂದದ್ದಲ್ಲ, ಬಣ್ಣದಿಂದ ಬಂದದ್ದು. ಆ ಬಣ್ಣವನ್ನು ಅಮೆರಿಕದ ಸಾಂಬಾರ ವ್ಯಾಪಾರ ಸಂಘದ ಹೆಸರಿನಲ್ಲಿರುವ 'ಆಸ್ಟಾ' ಮಾನದಲ್ಲಿ ಅಳೆಯುತ್ತಾರೆ. ಕಾಯಿಯಿಂದ ಓಲಿಯೋರೆಸಿನ್ ಎಂಬ ಗಟ್ಟಿ ಬಣ್ಣದ ಸಾರ ತೆಗೆದು ಹೊರದೇಶಗಳಿಗೆ ಕಳಿಸುತ್ತಾರೆ. ಹಾಗಾಗಿ ಈ ವ್ಯಾಪಾರ ಅರ್ಥವಾಗಬೇಕಾದರೆ ರಫ್ತಿನ ಲೆಕ್ಕ ಬೇಕೇಬೇಕು.

ಅದಕ್ಕೆ ಮೊದಲು ಎಚ್‌ಎಸ್ ಕೋಡ್ ಗೊತ್ತುಮಾಡಿಕೊಳ್ಳಿ. ಜಗತ್ತಿನ ಯಾವ ಬಂದರಿನಲ್ಲೂ ಒಣ ಮೆಣಸಿನಕಾಯಿ ಇಡಿಯಾಗಿದ್ದರೆ 090421, ಪುಡಿಯಾಗಿದ್ದರೆ 090422. ಓಲಿಯೋರೆಸಿನ್ 330190ರಲ್ಲಿ ಸೇರುತ್ತದೆ. ಮೊದಲ ಆರು ಅಂಕಿ ಎಲ್ಲ ದೇಶಗಳಿಗೂ ಒಂದೇ. ಭಾರತ ಅದಕ್ಕೆ ಇನ್ನೆರಡು ಸೇರಿಸಿ ಎಂಟು ಮಾಡಿಕೊಂಡಿದೆ. ಕೇಂದ್ರ ವಾಣಿಜ್ಯ ಸಚಿವಾಲಯದ 'ಟ್ರೇಡ್‌ಸ್ಟಾಟ್' ತಾಣದಲ್ಲಿ ಈ ಕೋಡ್ ಕೊಟ್ಟರೆ ಯಾವ ದೇಶಕ್ಕೆ ಯಾವ ವರ್ಷ ಎಷ್ಟು ಹೋಯಿತೆಂಬುದು ಬರುತ್ತದೆ. ಕೊಚ್ಚಿಯಲ್ಲಿ ಕೇಂದ್ರ ಕಚೇರಿಯಿರುವ ಸಾಂಬಾರ ಮಂಡಳಿ ಮೆಣಸಿನಕಾಯಿಗೂ ಸಾಂಬಾರ ತೈಲ ಹಾಗೂ ಓಲಿಯೋರೆಸಿನ್‌ಗೂ ಬೇರೆಬೇರೆ ಲೆಕ್ಕ ಪ್ರಕಟಿಸುತ್ತದೆ. ಆದರೆ ಸುಂಕದ ಕೋಡಿಗೆ ಬ್ಯಾಡಗಿ ಯಾವುದು, ಗುಂಟೂರು ಯಾವುದು ಎಂಬ ಗುರುತಿಲ್ಲ. 'ಬ್ಯಾಡಗಿ ಮೆಣಸಿನಕಾಯಿ ರಫ್ತು ಇಷ್ಟು ಕೋಟಿ' ಎಂದು ಯಾರಾದರೂ ಖಚಿತವಾಗಿ ಬರೆದಿದ್ದರೆ, ಯಾವ ಲೆಕ್ಕದಿಂದ ಬಿಡಿಸಿಕೊಂಡರು ಎಂದು ಕೇಳಲೇಬೇಕು.

ವಿಶ್ವಸಂಸ್ಥೆಯ 'ಕಾಮ್‌ಟ್ರೇಡ್' ಇದೇ ವ್ಯಾಪಾರವನ್ನು ಆಚೆ ದಡದಿಂದ ತೋರಿಸುತ್ತದೆ. ನಾವು ಅಮೆರಿಕಕ್ಕೆ ಇಷ್ಟು ಕಳಿಸಿದೆವು ಎಂದು ಭಾರತ ಹೇಳುತ್ತದೆ. ಭಾರತದಿಂದ ನಮಗೆ ಇಷ್ಟು ಬಂತು ಎಂದು ಅಮೆರಿಕ ಹೇಳುತ್ತದೆ. ಎರಡೂ ಅಪರೂಪಕ್ಕೆ ಹೊಂದುತ್ತವೆ. ನಮ್ಮ ರಫ್ತಿನ ಬೆಲೆಯಲ್ಲಿ ಹಡಗಿನ ಬಾಡಿಗೆ, ವಿಮೆ ಇರುವುದಿಲ್ಲ, ಆಮದಿನ ಬೆಲೆಯಲ್ಲಿ ಬಹಳಷ್ಟು ದೇಶಗಳು ಅವನ್ನು ಸೇರಿಸುತ್ತವೆ. ನಮ್ಮ ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್, ಅವರ ಲೆಕ್ಕ ಹೆಚ್ಚಾಗಿ ಜನವರಿಯಿಂದ ಡಿಸೆಂಬರ್. ಮಾರ್ಚ್‌ನಲ್ಲಿ ಹಡಗು ಹತ್ತಿದ ಮಾಲು ಏಪ್ರಿಲ್‌ನಲ್ಲಿ ಇಳಿಯಬಹುದು. ಮಿಲಿಯನ್ ಎಂದರೆ ಹತ್ತು ಲಕ್ಷ, ಬಿಲಿಯನ್ ಎಂದರೆ ನೂರು ಕೋಟಿ ಎಂಬುದನ್ನು ಮೇಜಿನ ಮೇಲೆ ಬರೆದು ಅಂಟಿಸಿಕೊಳ್ಳಿ. ಅನುಭವಿ ಬರಹಗಾರರ ಕೈಯಲ್ಲೂ ಇಲ್ಲಿ ಒಂದು ಸೊನ್ನೆ ಜಾರುತ್ತದೆ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಅದರ ನೋಂದಣಿ ಕಚೇರಿ ಚೆನ್ನೈನಲ್ಲಿದೆ, ಕಡತಗಳು ಬೌದ್ಧಿಕ ಆಸ್ತಿ ಕಚೇರಿಯ ತಾಣದಲ್ಲಿ ತೆರೆದುಕೊಳ್ಳುತ್ತವೆ. ಟ್ಯಾಗ್ ಸಿಕ್ಕಿತೆಂಬ ಸುದ್ದಿಯಷ್ಟನ್ನೇ ಎಲ್ಲರೂ ಬರೆಯುತ್ತಾರೆ. ಅರ್ಜಿಯ ಜೊತೆ ಸಲ್ಲಿಸಿದ ವಿವರಗಳಲ್ಲಿ ಬೆಳೆಯುವ ಪ್ರದೇಶ, ಕಾಯಿಯ ಗುಣ, ಹಿನ್ನೆಲೆ ಎಲ್ಲ ಇರುವುದರಿಂದ, ಅದನ್ನು ಓದಿದವರಿಗೆ ಹತ್ತು ಲೇಖನಗಳನ್ನು ಹುಡುಕುವ ಕೆಲಸ ತಪ್ಪುತ್ತದೆ.

ಕೊಳ್ಳುವವರು ಯಾರು?

ಈಗ ಕಂಪನಿಗಳು. ಭಾರತದಲ್ಲಿ ನೋಂದಾಯಿತ ಪ್ರತಿ ಕಂಪನಿಗೂ 21 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಇದೆ. ಉದಾಹರಣೆಗೆ, ಇನ್ಫೊಸಿಸ್‌ನದು ಎಲ್85110ಕೆಎ1981ಪಿಎಲ್‌ಸಿ013115. ಮೊದಲ 'ಎಲ್' ಎಂದರೆ ಷೇರುಪೇಟೆಯಲ್ಲಿದೆ, ಇಲ್ಲದಿದ್ದರೆ 'ಯು' ಇರುತ್ತಿತ್ತು. ಮುಂದಿನ ಐದು ಅಂಕಿ ಉದ್ಯಮದ ಬಗೆ, ಆಮೇಲೆ ರಾಜ್ಯ, ಸ್ಥಾಪನೆಯ ವರ್ಷ, ಪಬ್ಲಿಕ್ ಕಂಪನಿಯೆಂಬ ಗುರುತು, ನೋಂದಣಿ ಸಂಖ್ಯೆ. 1981ರಲ್ಲಿ ಇನ್ಫೊಸಿಸ್ ಹುಟ್ಟಿದ್ದು ಪುಣೆಯಲ್ಲಿ. ಬೆಂಗಳೂರಿಗೆ ಬಂದದ್ದು 1983ರಲ್ಲಿ. ಸಂಖ್ಯೆಯಲ್ಲಿ ಕಾಣುವುದು ಮಾತ್ರ ಕರ್ನಾಟಕ. ನೋಂದಾಯಿತ ಕಚೇರಿ ಈಗ ಎಲ್ಲಿದೆ ಎಂಬುದನ್ನು ಈ ಸಂಖ್ಯೆ ಹೇಳುತ್ತದೆ, ಎಲ್ಲಿ ಹುಟ್ಟಿತೆಂಬುದನ್ನಲ್ಲ. ಆಕರ ಓದುವಾಗ ಇಂಥ ಸಣ್ಣ ವ್ಯತ್ಯಾಸಗಳೇ ಮುಖ್ಯ.

ಈ ಸಂಖ್ಯೆ ಹಿಡಿದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣಕ್ಕೆ ಹೋದರೆ, ಮೂಲ ವಿವರ ಪುಕ್ಕಟೆ ಸಿಗುತ್ತದೆ. 100 ರೂಪಾಯಿ ಕಟ್ಟಿದರೆ ಆ ಕಂಪನಿ ಸಲ್ಲಿಸಿದ ಸಾರ್ವಜನಿಕ ದಾಖಲೆಗಳನ್ನು ತೆರೆದು ನೋಡಬಹುದು. ಲೆಕ್ಕಪತ್ರ ಬೇಕೆಂದರೆ ಎಒಸಿ-4, ಷೇರುದಾರರು, ನಿರ್ದೇಶಕರ ವಿವರ ಬೇಕೆಂದರೆ ಎಂಜಿಟಿ-7. ವಾರ್ಷಿಕ ಸಭೆ ಸೆಪ್ಟೆಂಬರ್ ಕೊನೆಯವರೆಗೂ ನಡೆಯಬಹುದಾದ್ದರಿಂದ ಮಾರ್ಚ್‌ಗೆ ಮುಗಿದ ವರ್ಷದ ಲೆಕ್ಕ ಅಕ್ಟೋಬರ್, ನವೆಂಬರ್ ಹೊತ್ತಿಗಷ್ಟೇ ಕಾಣುತ್ತದೆ. ಷೇರುಪೇಟೆಯ ಕಂಪನಿಗಳಾದರೆ ಇಷ್ಟು ಕಾಯಬೇಕಿಲ್ಲ. ಸೆಬಿ ನಿಯಮದಂತೆ ತ್ರೈಮಾಸಿಕ ಫಲಿತಾಂಶ 45 ದಿನಗಳಲ್ಲಿ, ವರ್ಷದ ಲೆಕ್ಕ 60 ದಿನಗಳಲ್ಲಿ, ಷೇರು ಹಂಚಿಕೆಯ ವಿವರ ತ್ರೈಮಾಸಿಕ ಮುಗಿದ 21 ದಿನಗಳಲ್ಲಿ ಬರಬೇಕು. ಎನ್‌ಎಸ್‌ಇ, ಬಿಎಸ್‌ಇ ತಾಣಗಳಲ್ಲಿ ಇವೆಲ್ಲ ಯಾರಿಗಾದರೂ ತೆರೆದಿವೆ. ಓಲಿಯೋರೆಸಿನ್ ಉದ್ಯಮ ತಿಳಿಯಬೇಕೆಂದರೆ ಷೇರುಪೇಟೆಯಲ್ಲಿರುವ ಎವಿಟಿ ನ್ಯಾಚುರಲ್ ಪ್ರಾಡಕ್ಟ್ಸ್‌ನ ಐದು ವರ್ಷಗಳ ವಾರ್ಷಿಕ ವರದಿಗಳನ್ನು ಸಾಲಾಗಿ ಓದಿ. ಹೊರಗಿನ ದೊಡ್ಡ ಗಿರಾಕಿಗಳ ಮನಸ್ಸು ತಿಳಿಯಬೇಕೆಂದರೆ ಅಮೆರಿಕದ ಷೇರು ನಿಯಂತ್ರಕರ 'ಎಡ್ಗರ್' ತಾಣದಲ್ಲಿ ಮಸಾಲೆ ಕಂಪನಿ ಮೆಕ್‌ಕಾರ್ಮಿಕ್‌ನ ವಾರ್ಷಿಕ ವರದಿ ತೆರೆಯಿರಿ. ಅದರ ಮುಖ್ಯ ಕಚ್ಚಾ ಪದಾರ್ಥಗಳ ಸಾಲಿನಲ್ಲಿ ಕೆಂಪು ಮೆಣಸಿನಕಾಯಿ, ಪ್ಯಾಪ್ರಿಕಾ ಇವೆ. ಆ ಕಂಪನಿಯ ವರ್ಷ ಮುಗಿಯುವುದು ನವೆಂಬರ್ 30ಕ್ಕೆ ಎಂಬುದು ನೆನಪಿರಲಿ.

ನನಗೆ ಎಲ್ಲಕ್ಕಿಂತ ಹೆಚ್ಚು ಉಪಕಾರವಾಗಿರುವ ದಾಖಲೆ ಬೇರೆಯೇ ಇದೆ. ಕಂಪನಿಯೊಂದು ಐಪಿಒಗೆ ಹೊರಟಾಗ ಸೆಬಿಗೆ ಸಲ್ಲಿಸುವ ಕರಡು ಪ್ರಾಸ್ಪೆಕ್ಟಸ್. ನೂರಾರು ಪುಟ, ಪುಕ್ಕಟೆ. ಅದರಲ್ಲಿ ಇಡೀ ಉದ್ಯಮದ ಚಿತ್ರ ಕೊಡುವ ಒಂದು ಅಧ್ಯಾಯವಿರುತ್ತದೆ. ಬೇರೆಡೆ ಲಕ್ಷಾಂತರ ರೂಪಾಯಿ ಕೇಳುವಂಥ ಮಾರುಕಟ್ಟೆ ಅಧ್ಯಯನಗಳ ಸಾರ ಅಲ್ಲಿ ಸಿಗುತ್ತದೆ. ಎಂಟಿಆರ್ ಬ್ರ್ಯಾಂಡಿನ ಒಡೆಯರಾದ ಓರ್ಕ್ಲಾ ಇಂಡಿಯಾ 2025ರಲ್ಲಿ ಷೇರುಪೇಟೆಗೆ ಬಂದಾಗ ಸಲ್ಲಿಸಿದ ದಾಖಲೆಯನ್ನೇ ನೋಡಿ. ದಕ್ಷಿಣದ ಮಸಾಲೆ ಪುಡಿ, ಸಿದ್ಧ ಆಹಾರದ ಮಾರುಕಟ್ಟೆಯ ಬಗ್ಗೆ ಓದಲು ಅಲ್ಲಿ ಬೇಕಾದಷ್ಟಿದೆ. ಒಂದು ಎಚ್ಚರ ಮಾತ್ರ ಬೇಕು: ಆ ಅಧ್ಯಯನವನ್ನು ಸಾಮಾನ್ಯವಾಗಿ ಐಪಿಒಗೆ ಹೊರಟ ಕಂಪನಿಯೇ ದುಡ್ಡು ಕೊಟ್ಟು ಮಾಡಿಸಿರುತ್ತದೆ. ಹಾಗೆಂದು ಅದರಲ್ಲೇ ಬರೆದಿರುತ್ತದೆ. ಹಾಗಾಗಿ ಅದರ ಮುನ್ನೋಟಗಳನ್ನು ತುಸು ತಗ್ಗಿಸಿ ಓದಿ. 'ಅಪಾಯಗಳು' ಎಂಬ ಅಧ್ಯಾಯವನ್ನು ಮಾತ್ರ ಪೂರ್ತಿ ಓದಿ. ಕಚ್ಚಾ ಮಾಲಿನ ಬೆಲೆ ಏರಿದರೆ ಏನಾಗುತ್ತದೆ, ಯಾವ ಪೂರೈಕೆದಾರರ ಮೇಲೆ ಎಷ್ಟು ಅವಲಂಬನೆ, ಯಾವ ವ್ಯಾಜ್ಯಗಳಿವೆ ಎಂದು ಕಂಪನಿ ತಾನಾಗಿ ಬಾಯಿಬಿಡುವ ಜಾಗ ಅದು.

ಷೇರುಪೇಟೆಯಲ್ಲಿಲ್ಲದ ಮಧ್ಯಮ ಗಾತ್ರದ ಕಂಪನಿಗಳಿಗೆ ಕ್ರಿಸಿಲ್, ಇಕ್ರಾ, ಕೇರ್‌ನಂಥ ರೇಟಿಂಗ್ ಸಂಸ್ಥೆಗಳ ತಾಣ ನೋಡಿ. ಬ್ಯಾಂಕ್ ಸಾಲಕ್ಕೆ ರೇಟಿಂಗ್ ಕೊಟ್ಟಾಗ ಅದಕ್ಕೆ ಕಾರಣ ವಿವರಿಸುವ ಟಿಪ್ಪಣಿಯನ್ನೂ ಪ್ರಕಟಿಸುತ್ತಾರೆ. ವಹಿವಾಟು, ಸಾಲ, ದಾಸ್ತಾನು, ಗಿರಾಕಿಗಳಿಂದ ಹಣ ಬರಲು ಎಷ್ಟು ದಿನ ಹಿಡಿಯುತ್ತದೆ, ಎಲ್ಲವೂ ನಾಲ್ಕು ಪುಟದಲ್ಲಿ. 'ಇಶ್ಯೂಯರ್ ನಾಟ್ ಕೋಆಪರೇಟಿಂಗ್' ಎಂಬ ಷರಾ ಇದ್ದರೆ ಕಂಪನಿ ಹೊಸ ಮಾಹಿತಿ ಕೊಟ್ಟಿಲ್ಲ, ಇದ್ದ ಮಾಹಿತಿಯ ಮೇಲೆಯೇ ಬರೆದಿದ್ದಾರೆ ಎಂದರ್ಥ.

ಬ್ಯಾಡಗಿಯ ದಲಾಲಿ ಅಂಗಡಿಗಳಲ್ಲಿ ಬಹಳಷ್ಟು ಇದ್ಯಾವುದರಲ್ಲೂ ಸಿಗುವುದಿಲ್ಲ. ಒಬ್ಬರ ಮಾಲೀಕತ್ವದ ಅಂಗಡಿ, ಪಾಲುದಾರಿಕೆಯ ಫರ್ಮುಗಳು ಕಂಪನಿಗಳಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಬಿಲ್ಲಿನ ಮೇಲಿನ ಜಿಎಸ್‌ಟಿ ಸಂಖ್ಯೆ. 15 ಅಕ್ಷರಗಳಲ್ಲಿ ಮೊದಲೆರಡು ರಾಜ್ಯ, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್. ಒಟ್ಟು ಸಂಖ್ಯೆಯ ಆರನೆಯ ಅಕ್ಷರ 'ಪಿ' ಇದ್ದರೆ ವ್ಯಕ್ತಿ, 'ಎಫ್' ಇದ್ದರೆ ಪಾಲುದಾರಿಕೆ, 'ಸಿ' ಇದ್ದರೆ ಕಂಪನಿ. ಜಿಎಸ್‌ಟಿ ತಾಣದಲ್ಲಿ ಆ ಸಂಖ್ಯೆ ಹಾಕಿದರೆ ನೋಂದಣಿ ಎಂದು ಆಯಿತು, ಈಗ ಚಾಲ್ತಿಯಲ್ಲಿದೆಯೇ, ರಿಟರ್ನ್ ಸಲ್ಲಿಸಿದ್ದಾರೆಯೇ ಎಂಬುದು ಗೊತ್ತಾಗುತ್ತದೆ. ವಹಿವಾಟಿನ ಮೊತ್ತದ ಖಚಿತ ಅಂಕಿ ಗೊತ್ತಾಗುವುದಿಲ್ಲ. ಪುಡಿ ಮಾಡಿ ಪ್ಯಾಕೆಟ್ ಕಟ್ಟುವವರಾದರೆ ಪ್ಯಾಕೆಟ್ ಮೇಲಿನ 14 ಅಂಕಿಯ ಆಹಾರ ಸುರಕ್ಷತಾ ಪರವಾನಗಿಯನ್ನೂ ಹೀಗೇ ತಾಳೆ ನೋಡಬಹುದು. ಸಣ್ಣ ಉದ್ದಿಮೆಗಳ ಬಗ್ಗೆ ಬರೆಯುವವರು ಒಂದನ್ನು ತಿದ್ದಿಕೊಳ್ಳಬೇಕು: 2025ರ ಏಪ್ರಿಲ್ 1ರಿಂದ ವ್ಯಾಖ್ಯೆಯೇ ಬದಲಾಗಿದೆ. ಅತಿಸಣ್ಣ ಉದ್ದಿಮೆಯ ವಹಿವಾಟಿನ ಮಿತಿ 5 ಕೋಟಿ ಇದ್ದದ್ದು 10 ಕೋಟಿಯಾಗಿದೆ, ಸಣ್ಣದರದು 50ರಿಂದ 100 ಕೋಟಿಗೆ ಏರಿದೆ. ಹಳೆಯ ವರ್ಷಗಳ ಜೊತೆ ಹೋಲಿಸುವಾಗ ಈ ಗೆರೆ ಸರಿದದ್ದನ್ನು ಹೇಳದಿದ್ದರೆ ಹೋಲಿಕೆಗೆ ಅರ್ಥವಿಲ್ಲ.

ತಿಂಗಳ ಪಂಚಾಂಗ

ಚಾಲ್ತಿ ಸುದ್ದಿಯನ್ನು ಬೆನ್ನಟ್ಟಿ ದಣಿಯುವ ಬದಲು, ಅಂಕಿ ಬರುವ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಚಿಲ್ಲರೆ ಹಣದುಬ್ಬರ ಸಾಮಾನ್ಯವಾಗಿ 12ರ ಸಂಜೆ ನಾಲ್ಕಕ್ಕೆ, ರಫ್ತು-ಆಮದು 15ರ ಸುಮಾರಿಗೆ, ಕೈಗಾರಿಕಾ ಉತ್ಪಾದನೆ 28ಕ್ಕೆ. ರಿಸರ್ವ್ ಬ್ಯಾಂಕಿನ ವಾರದ ಅಂಕಿ ಶುಕ್ರವಾರ. ರಿಸರ್ವ್ ಬ್ಯಾಂಕಿನ ದತ್ತಾಂಶ ಕೋಶವೂ ಅಂಕಿಅಂಶ ಸಚಿವಾಲಯ 2024ರ ಜೂನ್‌ನಲ್ಲಿ ತೆರೆದ 'ಇ-ಸಾಂಖ್ಯಿಕಿ'ಯೂ ಉದ್ದನೆಯ ಸರಣಿಗಳನ್ನು ನೇರ ಎಕ್ಸೆಲ್‌ಗೆ ಇಳಿಸಿಕೊಡುತ್ತವೆ. ಜಿಡಿಪಿಯ ಆಧಾರ ವರ್ಷವನ್ನು 2011-12ರಿಂದ 2022-23ಕ್ಕೆ, ಹಣದುಬ್ಬರದ್ದನ್ನು 2012ರಿಂದ 2024ಕ್ಕೆ ಬದಲಿಸುವ ಕೆಲಸವನ್ನು ಸಚಿವಾಲಯ ಕೈಗೊಂಡಿದೆ. ಯಾವ ಸರಣಿ ಬಳಸಿದಿರಿ ಎಂದು ಕೋಷ್ಟಕದ ಕೆಳಗೆ ಬರೆಯದೆ ಬಿಡಬೇಡಿ.

ಸುದ್ದಿಗೆ ಗೂಗಲ್ ಅಲರ್ಟ್ ಇಡುವುದು ಒಳ್ಳೆಯದು. ಆದರೆ ಒಂದೇ ಕಾಗುಣಿತ ಸಾಲದು. ಇಂಗ್ಲಿಷಿನಲ್ಲಿ ಕೆಲವರು 'ಬ್ಯಾಡಗಿ' ಎಂದು ಬರೆಯುತ್ತಾರೆ, ಕೆಲವರು 'ಬ್ಯಾಡ್ಗಿ' ಎಂದು; ಮಹಾರಾಷ್ಟ್ರದವರಿಗೆ ಅದು 'ಬೇಡಗಿ ಮಿರ್ಚಿ'. ಎಲ್ಲವನ್ನೂ ಇಡಿ, ಕನ್ನಡದ್ದನ್ನು ಮೊದಲು ಇಡಿ. ಮುಂಬೈ, ದೆಹಲಿಯ ವಾಣಿಜ್ಯ ಪತ್ರಿಕೆಗಳಲ್ಲಿ ಕಾಣದ ಸಂಗತಿ ಕನ್ನಡ ಪತ್ರಿಕೆಗಳ ಹುಬ್ಬಳ್ಳಿ ಆವೃತ್ತಿಯ ಹಾವೇರಿ ಪುಟದಲ್ಲಿ ಎಷ್ಟೋ ದಿನ ಮೊದಲೇ ಬಂದಿರುತ್ತದೆ. ಹಾಗೆಯೇ, ಆರು ಪತ್ರಿಕೆಗಳಲ್ಲಿ ಒಂದೇ ಮಾತು ಬಂದಿದ್ದರೆ ಆರು ಸಾಕ್ಷಿಗಳೆಂದು ಎಣಿಸಬೇಡಿ. ಹೆಚ್ಚಿನ ಸಲ ಅದು ಒಂದೇ ಪ್ರಕಟಣೆಯ ಆರು ಪ್ರತಿ. ಕೇಂದ್ರ ಸರ್ಕಾರದ್ದಾದರೆ ಅದರ ಪತ್ರಿಕಾ ಮಾಹಿತಿ ಕಚೇರಿ ಪಿಐಬಿಯ ತಾಣದಲ್ಲಿ, ಕಂಪನಿಯದಾದರೆ ಷೇರುಪೇಟೆಯ ತಾಣದಲ್ಲಿ ಮೂಲ ಸಿಗುತ್ತದೆ.

ವಿದ್ವತ್ ಲೇಖನಗಳಿಗೆ ಕಾಸು ಕೊಡುವ ಮುನ್ನ ಕಾಲೇಜಿನ ಗ್ರಂಥಪಾಲಕರನ್ನು ಕಾಣಿ. 2025ರ ಜನವರಿಯಿಂದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ತೆರೆದಿವೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿಟ್ಟಿದ್ದಾರೆ. ಅದು ಕೈಗೆಟುಕದವರಿಗೆ ಪಿಎಚ್‌.ಡಿ. ಪ್ರಬಂಧಗಳ ಭಂಡಾರ 'ಶೋಧಗಂಗಾ' ಇದೆ. ಕೃಷಿ ವಿಷಯವಾದರೆ 'ಕೃಷಿಕೋಶ'ವನ್ನೂ ಮರೆಯಬಾರದು. ಧಾರವಾಡದಂಥ ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಹುಡುಕಬೇಕಾದದ್ದು ಅಲ್ಲಿ. ಹಳ್ಳಿಹಳ್ಳಿ ಸುತ್ತಿ, ರೈತರನ್ನು ಎದುರಿಗೆ ಕೂರಿಸಿಕೊಂಡು ಬರೆದ ಬೇಸಾಯದ ಖರ್ಚಿನ ಪಟ್ಟಿಗಳು ಅವುಗಳಲ್ಲಿರುತ್ತವೆ. ಅವು ಬೇರೆಲ್ಲೂ ಅಚ್ಚಾಗಿರುವುದಿಲ್ಲ.

ಎಐ ಚಾಟ್‌ಗಳ ಬಗ್ಗೆ ವಿದ್ಯಾರ್ಥಿಗಳು ಕೇಳುತ್ತಲೇ ಇರುತ್ತಾರೆ. ಯಾವ ದಾಖಲೆ ಎಲ್ಲಿರಬಹುದು ಎಂದು ಕೇಳಲು, ಉದ್ದನೆಯ ವರದಿಯಲ್ಲಿ ಬೇಕಾದ ಭಾಗ ಹುಡುಕಲು ಧಾರಾಳವಾಗಿ ಬಳಸಿ. ಅಂಕಿಯನ್ನೋ ಆಕರದ ಹೆಸರನ್ನೋ ಅಲ್ಲಿಂದ ಹಾಗೇ ಎತ್ತಿಕೊಳ್ಳಬೇಡಿ. ಇಲ್ಲದ ಲೇಖನಕ್ಕೆ ಇಲ್ಲದ ಲೇಖಕರನ್ನು ಹೊಂದಿಸಿ ಕೊಡುವುದುಂಟು. ಮೂಲ ಪುಟ ಕಣ್ಣಿಗೆ ಬಿದ್ದ ಮೇಲೆಯೇ ಅದು ನಿಮ್ಮ ಅಂಕಿ.

ಪುಟ ಕಂಡ ಕೂಡಲೆ ಉಳಿಸಿಕೊಳ್ಳಿ. ಸರ್ಕಾರಿ ತಾಣಗಳು ಹೊಸ ರೂಪಕ್ಕೆ ಬದಲಾದಾಗ ಹಳೆಯ ಕೊಂಡಿಗಳು ಸತ್ತುಹೋಗುತ್ತವೆ. ಇಂಟರ್ನೆಟ್ ಆರ್ಕೈವ್ 1996ರಿಂದ ಜಾಲಪುಟಗಳ ಪ್ರತಿ ತೆಗೆದಿಡುತ್ತಿದೆ, ಅವು ಅದರ 'ವೇಬ್ಯಾಕ್ ಮಷೀನ್'ನಲ್ಲಿ ಸಿಗುತ್ತವೆ. ನಿಮ್ಮ ಪುಟವನ್ನೂ ಅಲ್ಲಿ ಉಳಿಸಬಹುದು, ಸತ್ತ ಕೊಂಡಿಯನ್ನೂ ಅಲ್ಲಿ ಹುಡುಕಬಹುದು. ಕೇಂದ್ರದ ಕಚೇರಿಗಳಲ್ಲಿ ಇದ್ದೂ ಪ್ರಕಟವಾಗದ ಮಾಹಿತಿಗೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಬಹುದು, 30 ದಿನಗಳಲ್ಲಿ ಉತ್ತರ ಬರಬೇಕು. ರಾಜ್ಯದ ಕಚೇರಿಗಳಿಗೆ ರಾಜ್ಯದ್ದೇ ಬೇರೆ ತಾಣವಿದೆ.

ಇಷ್ಟೆಲ್ಲ ಆದಮೇಲೂ ಬ್ಯಾಡಗಿಯ ಮುಖ್ಯ ಪ್ರಶ್ನೆಯೊಂದು ಉಳಿಯುತ್ತದೆ. ಊರ ಸುತ್ತಲಿನ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಹೋದ ಹಂಗಾಮಿನ ಮಾಲು ಎಷ್ಟು ಚೀಲ ಉಳಿದಿದೆ? ಹೊಸ ಕಾಯಿ ಬರುವ ಹೊತ್ತಿಗೆ ದರ ನಿಲ್ಲುವುದೂ ಬೀಳುವುದೂ ಬಹುಮಟ್ಟಿಗೆ ಅದರ ಮೇಲೆಯೇ. ದಿನದ ದರದಂತೆ ಬೆರಳ ತುದಿಯಲ್ಲಿ ಸಿಗುವ ಅಂಕಿ ಅದಲ್ಲ. ಅದಕ್ಕೆ ಸೋಮವಾರವೋ ಗುರುವಾರವೋ ಬೆಳಗ್ಗೆಯೇ ಮಾರುಕಟ್ಟೆಗೆ ಹೋಗಬೇಕು. ಲಾಟ್ ಹಚ್ಚಿ, ಟೆಂಡರ್ ಮುಗಿಯುವವರೆಗೆ ಅಂಗಡಿಯವರಿಗೆ ಪುರಸೊತ್ತಿರುವುದಿಲ್ಲ, ನಡುವೆ ಬಾಯಿ ಹಾಕಬೇಡಿ. ಚೀಟಿಗಳೆಲ್ಲ ಬಂದು ಚಹಾ ತರಿಸುವ ಹೊತ್ತಿಗೆ, "ಸಾಹುಕಾರ್ರ, ಹ್ವಾದ ವರ್ಷದ ಮಾಲು ಕೋಲ್ಡ್‌ನ್ಯಾಗ ಇನ್ನೂ ಎಷ್ಟ ಐತ್ರಿ?" ಎಂದು ಕೇಳಿ. ಸಿಕ್ಕ ಉತ್ತರದ ಪಕ್ಕ ದಿನಾಂಕ ಹಾಕಿ, ಅದು ಕಣ್ಣಾರೆ ಕಂಡ ಲೆಕ್ಕವೋ ಅಂದಾಜೋ ಎಂದು ಗುರುತಿಡಿ. ಇನ್ನೆರಡು ಅಂಗಡಿಯಲ್ಲಿ, ಒಂದು ಗೋದಾಮಿನಲ್ಲಿ, ಹಮಾಲರ ಕಟ್ಟೆಯಲ್ಲಿ ಅದನ್ನೇ ಕೇಳಿ. ಮುಂದಿನ ವಾರ ಮತ್ತೆ ಹೋಗಿ.